ತಗಡಿನ ಸೂರು, ಒಂಟಿ ಗೆಜ್ಜೆ

ಮೊದಲು ಕೇಳಿಸಿದ್ದು ಗೆಜ್ಜೆಯ ಸದ್ದು. ಒಂದೇ ಸಲ, ಯಾರೋ ಬೇಕೆಂದೇ ಮೆಲ್ಲಗೆ ಅಲುಗಿಸಿದಂತೆ.

ನಾನು ಕತ್ತಲಲ್ಲಿ ಕೈ ಚಾಚಿ ಮಗಳ ಕಾಲು ಮುಟ್ಟಿ ನೋಡಿದೆ. ಗಗನಾ ನನ್ನ ಪಕ್ಕದಲ್ಲೇ ಬೋರಲು ಮಲಗಿದ್ದಳು. ಕಾಲು ಬರಿದಾಗಿತ್ತು. ಮಲಗಿಸುವ ಮುಂಚೆ ನಾನೇ ಗೆಜ್ಜೆ ಬಿಚ್ಚಿ ಅಡುಗೆ ಕಡೆಯ ಗೋಡೆಯ ಮೊಳೆಗೆ ತಗುಲಿಸಿದ್ದೆ. ಹಾಗೆ ಮಾಡದಿದ್ದರೆ ಹೊರಳಿದಾಗಲೆಲ್ಲ ಅವಳಿಗೇ ಎಚ್ಚರವಾಗುತ್ತದೆ. ಇಲಿಯಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಸದ್ದು ಮತ್ತೆ ಬಂತು, ಈ ಸಲ ಇನ್ನೊಂದು ಮೂಲೆಯಿಂದ. ಅದರ ಹಿಂದೆಯೇ ಅತ್ತೆಯ ಪಿಸುಮಾತು.

"ಬಾಗ್ಲು ತಾವ."

"ಊಂ. ಈಗ?" ಅದು ಮಾವನ ದನಿ.

"ನೀರಿನ ಡ್ರಮ್ ತಾವ."

"ಅಲ್ಲ ಕಣೇ. ಬಾಗ್ಲು ತಾವಲೇ ನಿಂತಿದೀನಿ. ಇನ್ನೊಂದು ಸಲ ಕೇಳು."

ನಾವಿದ್ದದ್ದು ಹುಳುಮನೆಯಲ್ಲಿ. ರೇಷ್ಮೆ ಹುಳು ಸಾಕಲೆಂದು ಮಾವ ತೋಟದಲ್ಲಿ ಕಟ್ಟಿಸಿದ್ದ ಉದ್ದನೆಯ ಶೆಡ್ ಅದು. ಊರೊಳಗಿನ ಹಳೆಯ ಮನೆ ಪಾಲಿನಲ್ಲಿ ಭಾವನಿಗೆ ಹೋದ ಮೇಲೆ, ಹುಳು ಸಾಕುವುದನ್ನು ನಿಲ್ಲಿಸಿ ನಾವೇ ಅದರೊಳಗೆ ಬಂದು ಸೇರಿಕೊಂಡಿದ್ದೆವು. ಗಾಳಿಯಾಡಲೆಂದು ಸೂರನ್ನು ಬಹಳ ಎತ್ತರಕ್ಕೆ ಎತ್ತಿ ತಗಡು ಹೊದಿಸಿದ್ದರು. ನಾವು ಬಂದ ಮೇಲೆ ಒಳಗೆ ಇಟ್ಟಿಗೆಯ ಅಡ್ಡಗೋಡೆಗಳನ್ನು ಏಳಡಿಗೆ ಎಬ್ಬಿಸಿ ಕೋಣೆಗಳೆಂದು ಕರೆದುಕೊಂಡೆವು. ಅದರ ಮೇಲೆಲ್ಲ ಬಯಲು. ಒಂದು ತುದಿಯಲ್ಲಿ ಪಿಸುಗುಟ್ಟಿದರೆ ಮಾತು ತಗಡಿಗೆ ತಾಗಿ ಇನ್ನೊಂದು ತುದಿಯಲ್ಲಿ ಇಳಿಯುತ್ತಿತ್ತು. ಇದು ನನಗೆ ಮೊದಲೇ ಗೊತ್ತಿತ್ತು. ನಾನೂ ನನ್ನ ಗಂಡ ಪ್ರಭುದೇವ್ ಅವರೂ ಏನಾದರೂ ಮಾತಾಡಬೇಕಿದ್ದರೆ ತೋಟಕ್ಕೆ ಹೋಗುತ್ತಿದ್ದೆವು. ಅತ್ತೆ ಮಾವನಿಗೂ ಇಂಥ ಮಾತಿರಬಹುದು ಎಂದು ಮಾತ್ರ ನಾನು ಎಂದೂ ಯೋಚಿಸಿರಲಿಲ್ಲ.

"ಈ ಹಾಳು ತಗಡು ಸದ್ದನ್ನ ಎರಡು ಮಾಡ್ತೈತೆ," ಎಂದರು ಅತ್ತೆ. "ಒಂದು ಕೆಳಗಿಂದ ಬತ್ತದೆ, ಇನ್ನೊಂದು ಮೇಲಿಂದ ಬತ್ತದೆ. ಕೂಸು ಯಾವುದರಲ್ಲಿ ಐತೆ ಅಂತ ತಿಳ್ಕಳ್ಳಾದು ಹೆಂಗೆ?"

"ಬಯಲಲ್ಲಿ ನೀನು ತಪ್ಪಲ್ಲ ಬುಡು. ಒಳಗೇನೇ ಕಷ್ಟ."

"ನಿಮ್ ಸೊಸೆ ಹೊಸ ಮನೆಗೆ ಹದಿನೆಂಟು ಅಡಿ ಎತ್ತರ ಮಾಡ್ತಾಳಂತಲ್ರಿ. ಅದೂ ತಗಡೇ ಅಂತೆ. ಆಮ್ಯಾಕೆ ನಾನು ಏನ್ ಮಾಡ್ಲಿ?"

"ಬ್ಯಾಡ ಅಂತ ಜಗಳ ಆಡ್ತಾನೇ ಇದೀನಲ್ಲ. ಇನ್ನೆಷ್ಟು ಆಡ್ಲಿ?"

ಗೆಜ್ಜೆಯನ್ನು ನೆಲಕ್ಕಿಟ್ಟ ಸದ್ದಾಯಿತು.

"ಹೇಳ್ಬುಡಾನ ಅಂತೀನಿ," ಎಂದರು ಮಾವ.

"ಹೇಳಿ. ನಾಳೆನೇ ಕೂಸನ್ನ ಕೊರಟಗೆರೆಗೆ ತಕಂಡೋಗಿ ಅವ್ರವ್ವನ ತಾವ ಬುಟ್ಟು ಬತ್ತಾಳೆ. ತಪ್ಪೇನೈತೆ? ನಾನಾಗಿದ್ರೂ ಅಂಗೇ ಮಾಡ್ತಿದ್ದೆ. ಕಣ್ಣಿಲ್ಲದೋಳ ಕೈಗೆ ಯಾರು ಕೂಸು ಕೊಡ್ತಾರೆ?"

ಕಣ್ಣಿಲ್ಲದೋಳು. ಆ ಮಾತು ತಗಡಿಗೆ ತಾಗಿ ನನ್ನ ಮೇಲೆ ಬಿತ್ತು. ನಾನು ಮಗಳ ಕಾಲನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಅವಳು ನಿದ್ದೆಯಲ್ಲೇ ಕಾಲು ಎಳೆದುಕೊಂಡಳು. ಆ ಕಡೆ ಪ್ರಭು ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಲು ಕೈ ಎತ್ತಿದೆ. ಆದರೆ ಎಬ್ಬಿಸಿದರೆ "ಏನು?" ಎಂದು ಅವರು ದೊಡ್ಡದಾಗಿ ಕೇಳುತ್ತಾರೆ, ಅದು ಅವರಿದ್ದ ಕಡೆಗೂ ಇಳಿಯುತ್ತದೆ. ಕೈಯನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡೆ.

ಗೆಜ್ಜೆ ಮತ್ತೆ ಅಲುಗಿತು.

"ಒಲೆ ತಾವ," ಎಂದರು ಅತ್ತೆ.

"ಸರಿಯಾಗಿ ಹೇಳ್ದೆ ನೋಡು," ಎಂದರು ಮಾವ. ಶಾಲೆಯ ಮಗುವಿಗೆ ಹೇಳಿದಂತಿತ್ತು.

ಬೆಳಗಾಗುವವರೆಗೂ ನನಗೆ ನಿದ್ದೆ ಬರಲಿಲ್ಲ. ನಾನು ಮಧುಗಿರಿಯಲ್ಲಿ ಒಬ್ಬ ಇಂಜಿನಿಯರರ ಕಚೇರಿಯಲ್ಲಿ ಮನೆಗಳ ನಕ್ಷೆ ಬರೆಯುವವಳು. ಯಾವ ಬಾಗಿಲು ಯಾವ ಕಡೆ ತೆರೆದರೆ ಯಾರ ತಲೆಗೆ ಬಡಿಯುತ್ತದೆ, ಯಾವ ಮೆಟ್ಟಿಲಲ್ಲಿ ಮುದುಕರು ಎಡವುತ್ತಾರೆ ಎಂದು ಮೊದಲೇ ನೋಡಿಬಿಡುವುದು ನನ್ನ ಸ್ವಭಾವ. ಮನೆಯವರು ಅದಕ್ಕೆ ನಗುತ್ತಿದ್ದರು. ಒಲೆ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಫೋನ್ ಮಾಡುತ್ತಿದ್ದ ನಾನು, ನೋಡಲಾಗದವರ ಕೈಯಲ್ಲಿ ಮಗುವನ್ನು ಬಿಟ್ಟು ದಿನವೂ ಬಸ್ಸು ಹತ್ತುತ್ತಿದ್ದೆ.

ಒಂದೊಂದಾಗಿ ಎಲ್ಲವೂ ನೆನಪಾಗತೊಡಗಿತು. ಅತ್ತೆ ಉಪ್ಪಿನ ಡಬ್ಬಕ್ಕೆ ರಬ್ಬರ್ ಬ್ಯಾಂಡ್ ಹಾಕಿದ್ದರು; ಇರುವೆ ಬರದಿರಲಿ ಎಂದಿದ್ದರು. ಟಿವಿ ಹಚ್ಚುವುದನ್ನೇ ಬಿಟ್ಟಿದ್ದರು. ಸೀರಿಯಲ್ಲುಗಳಲ್ಲಿ ಬರೀ ಅಳು ಎಂದಿದ್ದರು. ಮದುವೆ ಮುಂಜಿಗೆ ಕರೆದರೆ ಮಂಡಿ ನೋವು. ಮಾವ ಮಾತ್ರ ಇದ್ದಕ್ಕಿದ್ದಂತೆ ಬಾಯಿಬಡುಕರಾಗಿದ್ದರು. ಹೊರಗೆ ಕೂತು, "ಪ್ರಭು ಗಾಡಿ ಬಂತು. ಕೈಯಾಗೆ ಚೀಲ ಐತೆ. ಹಾಂ, ಚಪ್ಪಲಿ ಬಾಗ್ಲಲ್ಲೇ ಬುಟ್ಟ," ಎಂದು ಯಾರೂ ಕೇಳದಿದ್ದರೂ ಹೇಳುತ್ತಲೇ ಇರುತ್ತಿದ್ದರು. "ನಿಮ್ಮಪ್ಪನದು ರೇಡಿಯೋ ಕಾಮೆಂಟ್ರಿ," ಎಂದು ನಾನು ಪ್ರಭು ಮುಂದೆ ನಕ್ಕಿದ್ದೆ. "ವಯಸ್ಸಾಯ್ತಲ್ಲ, ಬುಡು," ಎಂದು ಅವರೂ ನಕ್ಕಿದ್ದರು.

ಗೆಜ್ಜೆಯದೂ ಹಾಗೆಯೇ. ಜೋಡಿಯಲ್ಲಿ ಒಂದು ಹಿಪ್ಪುನೇರಳೆ ಸಾಲಿನಲ್ಲಿ ಕಳೆದುಹೋಗಿ ಬಹಳ ದಿನವಾಗಿತ್ತು. ಒಂಟಿ ಗೆಜ್ಜೆ ಅಸಹ್ಯವಾಗಿ ಕಾಣುತ್ತದೆ, ತೆಗೆದುಬಿಡೋಣ ಎಂದರೆ ಅತ್ತೆ ಒಪ್ಪಿರಲಿಲ್ಲ. "ಹೆಣ್ಣು ಕೂಸು ಕಣಮ್ಮ. ಒಂದಾದ್ರೂ ಇರ್ಲಿ ಬುಡು," ಎಂದಿದ್ದರು. ಹಳೆಯ ಕಾಲದವರ ಆಸೆ ಎಂದುಕೊಂಡು ಸುಮ್ಮನಾಗಿದ್ದೆ.

ಬೆಳಿಗ್ಗೆ ಅತ್ತೆ ಒಲೆಯ ಮುಂದೆ ಕೂತಿದ್ದರು. ನಾನು ಕಾಫಿ ಲೋಟವನ್ನು ಅವರ ಮುಂದೆ ಸದ್ದಿಲ್ಲದೆ ಹಿಡಿದೆ. ಅವರ ಮುಖ ನನ್ನ ಕಡೆಗೇ ಇತ್ತು. ಕಣ್ಣುಗಳು ತೆರೆದಿದ್ದವು, ತಿಳಿಯಾಗಿದ್ದವು. ಯಾರು ನೋಡಿದರೂ ಒಳ್ಳೆಯ ಕಣ್ಣೆಂದೇ ಹೇಳಬೇಕು. ಕೈ ಮಾತ್ರ ಮೇಲೇಳಲಿಲ್ಲ. ನನ್ನ ಬಳೆ ಲೋಟಕ್ಕೆ ತಾಗಿತು. ಆಗ, "ತಂದ್ಯೇನಮ್ಮ," ಎನ್ನುತ್ತ ಎರಡೂ ಕೈ ಚಾಚಿದರು.

"ಹೂಂ ಅತ್ತೆ," ಎಂದೆ.

ಪ್ರಭು ಶಿರಾದಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟಿದ್ದಾರೆ. ಗಾಡಿ ಹತ್ತುವಾಗ, "ತಗಡಿನವರಿಗೆ ನಾಳೆ ಅಳತೆ ಕೊಡಬೇಕು. ಸಾಯಂಕಾಲ ನಕ್ಷೆ ಮುಗಿಸಿಬುಡು. ಅಪ್ಪನ ಮಾತಿಗೆ ತಲೆ ಕೆಡಿಸ್ಕೊಬೇಡ," ಎಂದು ಹೋದರು.

ನಾವು ಕಟ್ಟಲಿದ್ದ ಹೊಸ ಮನೆಯ ಆ ನಕ್ಷೆಯನ್ನು ನಾನು ಎಷ್ಟು ಪ್ರೀತಿಯಿಂದ ಬರೆದಿದ್ದೆ ಎಂದು ಹೇಳಬೇಕು. ಕಚೇರಿಯಲ್ಲಿ ದಿನವೂ ನಾನು ಬರೆಯುವುದು ಒಂದೇ ಥರದ ಮನೆ, ಡಬ್ಬಿಯ ಮೇಲೆ ಡಬ್ಬಿ ಇಟ್ಟಂತೆ. ಹುಳುಮನೆಗೆ ಬಂದು ಮಲಗಿದ ಮೊದಲ ದಿನ ಕಣ್ಣು ಮೇಲಕ್ಕೆ ಹೋಗುತ್ತಲೇ ಇತ್ತು, ತಡೆಯುವುದು ಏನೂ ಇರಲಿಲ್ಲ. ಮನೆ ಎಂದರೆ ಹೀಗಿರಬೇಕು ಅನ್ನಿಸಿತು. ಮಹಡಿ ಬೇಡ, ಮೆಟ್ಟಿಲು ಬೇಡ. ನೆಲಕ್ಕೆ ಹತ್ತಿಕೊಂಡ ಒಂದೇ ಉದ್ದನೆಯ ಮನೆ, ಎರಡೂ ಕಡೆ ಇಳಿಜಾರಾದ ಸೂರು, ನಡುವೆ ನೆತ್ತಿ ಹದಿನೆಂಟು ಅಡಿ, ಏಳಡಿಗೆ ನಿಂತುಬಿಡುವ ಗೋಡೆಗಳು. ಒಂದು ಕಡೆಯ ಕಿಟಕಿಯಿಂದ ಮಧುಗಿರಿಯ ಬೆಟ್ಟ ಬುಡದಿಂದ ತುದಿಯವರೆಗೆ ಕಾಣಬೇಕು. ಮಾವನಿಗೆ ತೋರಿಸಿದ ದಿನವೇ ಜಗಳ. "ಮನುಷ್ಯರು ಇರಾಕೆ ಮನೆ ಕಟ್ತೀಯೋ, ಹುಳ ಮೇಯ್ಸಾಕೋ?" ಎಂದಿದ್ದರು. ಒಲೆಯ ಜಾಗ ಬದಲಿಸಿದರೆ ಕೋಪ. ಬಚ್ಚಲನ್ನು ಇನ್ನೊಂದು ಕಡೆಗೆ ತಂದರೆ ಊಟ ಬಿಡುವಷ್ಟು ಕೋಪ. ಹಠಮಾರಿ ಎಂದುಕೊಂಡೆ. ನಾಲ್ಕು ತಿಂಗಳು ಅವರ ಜೊತೆ ಗುದ್ದಾಡಿ, ಕೊನೆಗೆ ಮಗನನ್ನು ನನ್ನ ಕಡೆ ಮಾಡಿಕೊಂಡು ಗೆದ್ದಿದ್ದೆ. ಅಂಗಳಕ್ಕೆ ಮರಳೂ ಬಂದು ಬಿದ್ದಿತ್ತು.

ಮಾವ ಹಾಲಿನ ಕ್ಯಾನು ಹಿಡಿದು ಊರ ಡೈರಿಗೆ ಹೊರಟರು. ಬೆಳಗಿನ ಆ ಒಂದು ತಾಸು ಅತ್ತೆ ಮತ್ತು ಮಗು ಇಬ್ಬರೇ ಇರುತ್ತಾರೆ. ರಾತ್ರಿಯ ಆ ಅಭ್ಯಾಸವೆಲ್ಲ ಈ ಒಂದು ತಾಸಿಗಾಗಿ ಎಂದು ಆಗ ಅರ್ಥವಾಯಿತು.

"ಬರ್ತೀನಿ ಅತ್ತೆ," ಎಂದು ಬ್ಯಾಗು ಹೆಗಲಿಗೆ ಹಾಕಿ ಹೊರಟೆ. ರಸ್ತೆಯವರೆಗೆ ಹೋದೆ. ಬಸ್ಸು ಬಂತು, ಹತ್ತಲಿಲ್ಲ. ಕಂಡಕ್ಟರು, "ಏನಕ್ಕ, ಇವತ್ತು ರಜಾನಾ?" ಎಂದು ಕೂಗಿದ. ತಲೆಯಾಡಿಸಿ, ಹಿಂದಿನ ದಾರಿಯಿಂದ ಹಿಪ್ಪುನೇರಳೆ ಸಾಲಿನೊಳಗೆ ನುಗ್ಗಿದೆ. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೆ. ನನ್ನ ಕಣ್ಣಾರೆ ನೋಡಬೇಕಿತ್ತು. ಏನಾದರೂ ಆದರೆ ಓಡಿ ಹೋಗುವಷ್ಟು ಹತ್ತಿರದಲ್ಲಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಅತ್ತೆ ಅಂಗಳದಲ್ಲಿ ಚಾಪೆ ಹಾಕಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಗಗನಾ ಸುತ್ತಮುತ್ತ ಓಡಾಡುತ್ತಿದ್ದಳು. ಗೆಜ್ಜೆ ಒಂದೇ ಕಾಲಿನಲ್ಲಿದ್ದುದರಿಂದ ಅವಳು ನಡೆದರೆ ಒಂದು ಹೆಜ್ಜೆಗೆ ಸದ್ದು, ಇನ್ನೊಂದಕ್ಕೆ ಇಲ್ಲ. ಆ ಸದ್ದು ಹೋದ ಕಡೆಗೆ ಅತ್ತೆಯ ಮುಖ ಸೂರ್ಯಕಾಂತಿ ಹೂವಿನ ಹಾಗೆ ತಿರುಗುತ್ತಿತ್ತು. ಬೀಜ ಬಿಡಿಸುವ ಕೈ ಮಾತ್ರ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ.

"ಕಲ್ಲು ಬಾಯಿಗೆ ಹಾಕ್ದೇನೇ?" ಎಂದರು. ಮಗು ನಿಜವಾಗಿಯೂ ಬಾಯಿಗೆ ಏನೋ ಹಾಕಿಕೊಂಡಿತ್ತು. "ಉಗಿ. ಥೂ ಅನ್ನು." ಮಗು ಥೂ ಎಂದಿತು. ನನಗೆ ಸ್ವಲ್ಪ ಧೈರ್ಯ ಬಂತು. ಮುಚ್ಚಿದ ಬಾಯಿಯ ಸದ್ದು ಕೂಡ ಅವರಿಗೆ ತಿಳಿಯುತ್ತದೆ ಎಂದುಕೊಂಡೆ.

ಗಗನಾ ಮರಳಿನ ರಾಶಿ ಹತ್ತಿದಳು. ಕಾಲು ಹೂತುಹಾಕಿ, ಎಳೆದು, ಮತ್ತೆ ಹೂತಳು. ಹೀಗೆ ಒಂದು ಸಲ ಎಳೆದಾಗ ಗೆಜ್ಜೆ ಕಾಲಿನ ಜೊತೆ ಬರಲಿಲ್ಲ. ರಾತ್ರಿಯೆಲ್ಲ ಅಲುಗಿಸಿ ಅದರ ತಿರುಪು ಸಡಿಲವಾಗಿತ್ತೋ ಏನೋ. ಬಿಸಿಲಿಗೆ ಅದು ಮರಳಿನಲ್ಲಿ ಒಮ್ಮೆ ಹೊಳೆದದ್ದು ನನಗೆ ಕಂಡಿತು. ಮಗು ರಾಶಿಯ ಆ ಕಡೆಗೆ ಇಳಿದು ಹೊರಟಿತು. ಸದ್ದಿಲ್ಲ.

ಆ ಕಡೆ ನೀರು ತುಂಬಿದ ಕೃಷಿ ಹೊಂಡ. ಸುತ್ತ ಮುಳ್ಳಿನ ಬೇಲಿ ಭದ್ರವಾಗಿತ್ತು, ನಿನ್ನೆ ಸಂಜೆಯವರೆಗೆ. ಮರಳಿನ ಟ್ರಾಕ್ಟರು ತಿರುಗಲು ಜಾಗ ಸಾಲದೆ ಡ್ರೈವರ್, "ಬೇಲಿ ಒಂದು ಮೂಲೆ ತೆಗೀತೀನಿ ಮೇಡಂ," ಎಂದಿದ್ದ. ಹೂಂ ಎಂದವಳು ನಾನೇ. ರಾತ್ರಿಯೇ ಮುಚ್ಚಿಸಬೇಕೆಂದುಕೊಂಡು ನಕ್ಷೆಯ ಮುಂದೆ ಕೂತು ಮರೆತಿದ್ದೆ. ಆಗ ಮಾವ ಸಂಜೆಯ ಹಾಲು ಹಾಕಲು ಡೈರಿಗೆ ಹೋಗಿದ್ದರು. ಬೇಲಿ ತೆಗೆದದ್ದನ್ನು ಅತ್ತೆಗೆ ಯಾರೂ ಹೇಳಿರಲಿಲ್ಲ. ಎದುರಿಗೇ ಕಾಣುವುದನ್ನು ಯಾರು ಯಾರಿಗೆ ಹೇಳುತ್ತಾರೆ?

ಮಗು ಆ ಸಂದಿನ ಕಡೆಗೇ ಹೋಗುತ್ತಿತ್ತು.

ನಾನು ಓಡಬೇಕಿತ್ತು. ಕೂಗಬೇಕಿತ್ತು. ಬಾಯಿ ತೆರೆದೆ, ಗಾಳಿಯೂ ಹೊರಗೆ ಬರಲಿಲ್ಲ. ಕಾಲುಗಳು ನನ್ನವಲ್ಲ ಎನ್ನುವಂತೆ ಸಾಲಿನ ಮಣ್ಣಿನಲ್ಲಿ ನಿಂತುಬಿಟ್ಟವು. ಕೈಯಲ್ಲಿದ್ದ ಚಪ್ಪಲಿಯನ್ನು ನಾನು ಎದೆಗೆ ಒತ್ತಿಕೊಂಡಿದ್ದೆ. ಅಷ್ಟು ದಿನ ಎಷ್ಟೊಂದು ಕೆಟ್ಟದ್ದನ್ನು ಕಲ್ಪಿಸಿಕೊಂಡು ನಿದ್ದೆಗೆಟ್ಟಿದ್ದವಳಿಗೆ, ಅದು ನಿಜವಾಗಿ ಎದುರಿಗೆ ನಡೆಯುವಾಗ ಒಂದು ಹೆಜ್ಜೆ ಇಡಲಾಗಲಿಲ್ಲ.

ಅತ್ತೆಯ ಕೈ ನಿಂತಿತು. ತಲೆ ಎತ್ತಿದರು. ಆಗ ಹೊಂಡದ ಅಂಚಿನ ಟಾರ್ಪಾಲು ಪುಟ್ಟ ಕಾಲಿನಡಿ ಚರಕ್ ಎಂದಿತು. ನನಗೆ ಅದು ಕೇಳಿಸಿದ್ದೇ ಅತ್ತೆ ಎದ್ದು ನಿಂತದ್ದನ್ನು ನೋಡಿದ ಮೇಲೆ.

ಅವರು ಕಿರುಚಲಿಲ್ಲ. ಕಿರುಚಿದ್ದರೆ ಮಗು ಆಟವೆಂದು ಓಡುತ್ತಿತ್ತು. "ಗಗನೀ," ಎಂದರು, ಊಟಕ್ಕೆ ಕರೆಯುವಂತೆ. "ಕಾಗೆ ಬಂತಲ್ಲೇ, ನೋಡ್ದೇನೇ?"

"ಎಲ್ಲಿ?" ಎಂದಿತು ಮಗು.

ಅತ್ತೆ ಆ ದನಿಯ ಕಡೆಗೆ ನೇರವಾಗಿ ಹೊರಟರು. ಹುಣಸೆಯ ಮೊರ ಕಾಲಿಗೆ ಸಿಕ್ಕಿ ಮಗುಚಿತು. ನಿಲ್ಲಲಿಲ್ಲ. "ನಿನ್ನ ತಲೆ ಮ್ಯಾಲೆ ಐತೆ ನೋಡು."

"ಎಲ್ಲಿ ಅಜ್ಜಿ?"

"ಅಲ್ಲೇ ನಿಂತ್ಕಂಡು ನೋಡು. ಬಾಲ ಐತಾ ಹೇಳು."

"ಇಲ್ಲ..."

ಬೇಲಿ ಇರಬೇಕಾದ ಜಾಗದಲ್ಲಿ ಅವರ ಎರಡೂ ಕೈ ಮುಳ್ಳಿಗಾಗಿ ಮುಂದೆ ಚಾಚಿದವು. ಮುಳ್ಳು ಸಿಗಲಿಲ್ಲ. ಆಗ ಅವರ ಮುಖದಲ್ಲಿ ಕಂಡದ್ದನ್ನು ನಾನು ಮರೆಯಲಾರೆ. ನೆಲವೇ ಇಲ್ಲ ಎಂದು ತಿಳಿದವರ ಮುಖ ಹಾಗಿರುತ್ತದೆ. ಥಟ್ಟನೆ ಕುಳಿತುಬಿಟ್ಟರು. ಕುಳಿತೇ, ಕೈಯಿಂದ ನೆಲ ತಡವಿಕೊಂಡು ಸರಿದರು. ಟಾರ್ಪಾಲು ಸಿಕ್ಕಿತು, ಅದರ ಮೇಲೆ ಲಂಗದ ಅಂಚು ಸಿಕ್ಕಿತು. ಹಿಡಿದು ಒಂದೇ ಎಳೆತಕ್ಕೆ ಮಗುವನ್ನು ಮಡಿಲಿಗೆ ಬೀಳಿಸಿಕೊಂಡರು. ಕೆಳಗೆ ನೀರು ಹಸಿರಾಗಿ ನಿಂತಿತ್ತು.

ಆಮೇಲೆ ನನ್ನ ಕಾಲುಗಳಿಗೆ ಜೀವ ಬಂತು. ಓಡಿದೆ. ಬರಿಗಾಲಾದ್ದರಿಂದ, ಮಗು ಜೋರಾಗಿ ಅಳುತ್ತಿದ್ದುದರಿಂದ, ನನ್ನ ಸದ್ದು ಅವರಿಗೆ ಕೇಳಿಸಲಿಲ್ಲ. ಅವರಿಂದ ಮಾರು ದೂರದಲ್ಲಿ ಬಂದು ನಿಂತೆ. ಅತ್ತೆ ಮಗುವನ್ನು ಅಪ್ಪಿಕೊಂಡು ತಲೆ ಎತ್ತಿದರು. ಅವರ ಕಣ್ಣು ನನ್ನ ಮುಖದ ಮೇಲೆಯೇ ನೆಟ್ಟಿತ್ತು. ಬೆಳಗಿನ ಬಿಸಿಲು ನನ್ನ ಮೇಲೆ ನೇರವಾಗಿ ಬಿದ್ದಿತ್ತು. ನಾನು ಅವರ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದೆ. ಅವರಿಗೆ ಅಲ್ಲಿ ಯಾರೂ ಇರಲಿಲ್ಲ.

"ಅಮ್ಮ," ಎಂದಿತು ಮಗು, ಅಳು ನಿಲ್ಲಿಸಿ, ನನ್ನ ಕಡೆ ಬೆರಳು ತೋರಿಸಿ. "ಅಮ್ಮ, ಅಮ್ಮ."

"ಅಮ್ಮ ಸಾಯಂಕಾಲ ಬತ್ತಾಳೆ ಕಣಮ್ಮ," ಎಂದರು ಅತ್ತೆ. "ಬಸ್ಸಲ್ಲಿ ಬತ್ತಾಳೆ. ಬಿಸ್ಕತ್ತು ತತ್ತಾಳೆ."

ನಾನು ಮಾತಾಡಬಹುದಿತ್ತು. ಅತ್ತೆ, ಇಲ್ಲೇ ಇದ್ದೇನೆ ಎಂದರೆ ಸಾಕಿತ್ತು. ಆದರೆ ಆ ಒಂದು ಮಾತಿನಿಂದ ಅವರಿಗೆ ಏನೇನು ತಿಳಿಯುತ್ತದೆ ಎಂದು ಯೋಚಿಸಿದೆ. ನಾನು ಎಲ್ಲವನ್ನೂ ನೋಡಿದೆ ಎಂದು. ಎದುರಿಗೆ ನಿಂತವಳನ್ನು ಅವರು ನೋಡಲಿಲ್ಲ ಎಂದು. ಬೆರಳನ್ನು ತುಟಿಯ ಮೇಲಿಟ್ಟು ಮಗಳಿಗೆ ತೋರಿಸಿದೆ. ಅವಳು ಆಟವೆಂದುಕೊಂಡು, ಕೆನ್ನೆಯಲ್ಲಿ ಕಣ್ಣೀರು ಇರುವಾಗಲೇ ನಕ್ಕಳು.

ಅತ್ತೆ ಮಗುವಿನ ಕಾಲು ತಡವಿದರು. ಬರಿಗಾಲು. ಇನ್ನೊಂದು ಕಾಲನ್ನೂ ತಡವಿದರು. "ಯಾರ್ಗೂ ಹೇಳ್ಬಾರ್ದು ಕಣೇ ಕೂಸೆ," ಎಂದರು. "ನೀನೂ ಹೇಳ್ಬ್ಯಾಡ, ನಾನೂ ಹೇಳಲ್ಲ." ಮಗುವನ್ನು ಎಡಗಂಕುಳಲ್ಲಿ ಬಿಗಿಯಾಗಿ ಇರುಕಿಕೊಂಡು, ಕೈಯಿಂದ ದಾರಿ ಹುಡುಕುತ್ತ ಮರಳಿನ ರಾಶಿಗೆ ಬಂದರು. ಕುಳಿತು ಒಂದು ಕೈಯಿಂದ ಮರಳು ಕೆದಕತೊಡಗಿದರು. ಗೆಜ್ಜೆ ಅವರ ಕೈಯಿಂದ ದೂರದಲ್ಲಿ, ರಾಶಿಯ ಇನ್ನೊಂದು ಬದಿಯಲ್ಲಿತ್ತು.

ನಾನು ಹೋಗಿ ಅದನ್ನು ಎತ್ತಿಕೊಂಡೆ. ಸದ್ದಾಗದಂತೆ ಮುಷ್ಟಿಯಲ್ಲಿ ಬಿಗಿಹಿಡಿದೆ. ಅವರ ಬೆರಳುಗಳು ಇನ್ನೇನು ಬರಲಿರುವ ಕಡೆ ಮೆಲ್ಲಗೆ ಇಟ್ಟು, ಮೇಲೆ ಸ್ವಲ್ಪ ಮರಳು ಸರಿಸಿ ಹಿಂದೆ ಸರಿದೆ. ಬೆರಳು ತಾಗಿತು. "ಸಿಕ್ತು," ಎಂದು ಅವರು ಗೆಜ್ಜೆಯನ್ನು ಕಣ್ಣಿಗೆ ಒತ್ತಿಕೊಂಡರು.

ನಾನು ಸಾಲಿನೊಳಗಿಂದ ರಸ್ತೆಗೆ ಹೋಗಿ, ಚಪ್ಪಲಿ ಹಾಕಿಕೊಂಡು, ಈ ಸಲ ಗೇಟಿನ ಚಿಲಕ ಬಡಿಸಿ ಒಳಗೆ ಬಂದೆ.

"ಯಾರು?"

"ನಾನು, ಅತ್ತೆ. ರಂಜನಿ. ಬಸ್ಸು ತಪ್ಪೋಯ್ತು. ಇವತ್ತು ಹೋಗಲ್ಲ ಬಿಡಿ."

"ಅಯ್ಯೋ, ಇಷ್ಟು ಬೇಗ ಹೋದ್ರೂ ತಪ್ತಾ?" ಅವರ ದನಿ ಸರಿಯಾಗಿಯೇ ಇತ್ತು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. "ಮೊರ ಮಗುಚ್ಕಂಡ್ಳು ನಿನ್ ಮಗಳು. ಹುಣಸೆಹಣ್ಣೆಲ್ಲ ಮಣ್ಣಾಯ್ತು."

"ಆಗ್ಲಿ ಬಿಡಿ. ಅತ್ತೆ, ನಿನ್ನೆ ಟ್ರಾಕ್ಟರಿನವನು ಹೊಂಡದ ಬೇಲಿ ಮೂಲೆ ತೆಗೆದಿದ್ದ. ನಿಮಗೆ ಹೇಳೋದು ಮರೆತೆ. ಈಗ ಮುಚ್ತೀನಿ."

ನಾನು ಮುಳ್ಳು ಎಳೆದು ತಂದು ಸಂದು ಮುಚ್ಚಿದೆ. ಕೈಯೆಲ್ಲ ಗೀರಿ ರಕ್ತ ಬಂತು. ಆ ಉರಿ ಒಂದು ಥರ ಬೇಕೆನ್ನಿಸಿತು.

ಸಂಜೆ ಪ್ರಭು ಬಂದು, ನಕ್ಷೆಯನ್ನು ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟರು. ಮಾವ ಗೋಡೆಗೆ ಒರಗಿದ್ದರು. ಅತ್ತೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಅದರ ಕಾಲಿನ ಗೆಜ್ಜೆಯ ತಿರುಪನ್ನು ಬೆರಳಿನಿಂದ ಮತ್ತೆ ಮತ್ತೆ ಮುಟ್ಟುತ್ತಿದ್ದರು.

"ತಗಡು ಬೇಡ," ಎಂದೆ. "ಹೆಂಚು ಹಾಕಿಸೋಣ. ಎತ್ತರ ಹನ್ನೊಂದಡಿ ಸಾಕು. ಒಳಗಿನ ಗೋಡೆ ಎಲ್ಲ ಸೂರಿನವರೆಗೂ ಹೋಗಲಿ."

ಪ್ರಭು ನನ್ನನ್ನು ನೋಡಿದರು. "ಏನಂದೆ?"

"ಬೇಸಿಗೇಲಿ ತಗಡು ಕಾಯುತ್ತೆ."

"ಅದನ್ನೇ ಅಪ್ಪ ನಾಲ್ಕು ತಿಂಗಳಿಂದ ಬಡ್ಕೊಂಡ್ರು. ಆಗ ಏನಂದೆ ನೀನು? ಎತ್ತರ ಇದ್ರೆ ಕಾಯಲ್ಲ ಅಂತ ಬಾಣದ ಗುರುತೆಲ್ಲ ಹಾಕಿ ಗಾಳಿ ಹೆಂಗೆ ಹೋಗುತ್ತೆ ಅಂತ ತೋರಿಸಿದ್ಯಲ್ಲ? ತಗಡಿನವರಿಗೆ ಮಾತು ಕೊಟ್ಟು ಬಂದಿದೀನಿ ನಾನು."

"ತಪ್ಪಾಯ್ತು."

"ತಪ್ಪಾಯ್ತಂತೆ! ಹುಳುಮನೆ ಥರ ಇರಬೇಕು, ಆಕಾಶ ಕಂಡಂಗಿರಬೇಕು ಅಂತ ಕುಣಿದೋಳು ಯಾರು? ಅಪ್ಪ, ಕೇಳಿದ್ರಾ ನಿಮ್ಮ ಸೊಸೆ ಮಾತು?"

ಮಾವ ಗೆದ್ದವರ ಹಾಗೆ ಕಾಣಲಿಲ್ಲ. ನನ್ನನ್ನೇ ನೋಡುತ್ತಿದ್ದರು, ಹುಬ್ಬು ಗಂಟಿಕ್ಕಿ.

"ಒಲೆ ಎಲ್ಲಿ ಬತ್ತದಮ್ಮ?" ಎಂದು ಕೇಳಿದರು ಅತ್ತೆ, ತಲೆ ಎತ್ತದೆ.

ಸಾಮಾನ್ಯವಾಗಿ ನಾನು ನಕ್ಷೆಯ ಮೇಲೆ ಬೆರಳಿಟ್ಟು, ಇಲ್ಲಿ ನೋಡಿ ಅತ್ತೆ ಎನ್ನುತ್ತಿದ್ದೆ. ಅವರು ಹೂಂ ಎನ್ನುತ್ತಿದ್ದರು. ಎಷ್ಟು ಸಲ ಹಾಗೆ ತೋರಿಸಿದ್ದೆನೋ. ಈಗ ಬೆರಳನ್ನು ಮಡಿಚಿಕೊಂಡೆ.

"ಈಗ ಇರೋ ಕಡೆನೇ ಅತ್ತೆ," ಎಂದೆ. "ಬಾಗಿಲು ದಾಟಿ ಒಳಗೆ ಬಂದ್ರೆ ಬಲಗೈ ಗೋಡೆ ನೇರವಾಗಿ ಹೋಗುತ್ತೆ, ಎಲ್ಲೂ ತಿರುಗಲ್ಲ. ಆ ಗೋಡೆ ಮುಗಿಯೋ ಕಡೆ ಒಲೆ. ಒಲೆಗೆ ಬೆನ್ನು ಮಾಡಿ ನಿಂತ್ರೆ ಎದುರಿಗೇ ನಿಮ್ಮ ಕೋಣೆ ಬಾಗಿಲು. ಹೊಸ್ತಿಲು ಎತ್ತರ ಇಲ್ಲ, ನೆಲದ ಸಮಕ್ಕೆ. ನಿಮ್ಮ ಕೋಣೆಯಿಂದ ಬಚ್ಚಲಿಗೆ ಎಡಗೈ ಗೋಡೆ. ಅಲ್ಲೆಲ್ಲ ಒಂದು ಪಟ್ಟಿ ಒರಟು ಕಲ್ಲು ಹಾಸ್ತೀವಿ, ಕಾಲಿಗೆ ತಿಳಿಯುತ್ತೆ. ಬೇರೆ ಕಡೆ ನಯ."

"ಒರಟು ಯಾಕೆ?" ಎಂದರು ಪ್ರಭು.

"ನೀರು ಬಿದ್ದರೆ ಜಾರಬಾರದು ಅಂತ."

ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಅವರ ಬಲಗೈ ಮಗುವಿನ ಬೆನ್ನಿನ ಮೇಲೆ ನಿಧಾನವಾಗಿ ಒಂದು ಗೆರೆ ಎಳೆಯಿತು, ಕೊನೆಯಲ್ಲಿ ನಿಂತಿತು, ತಿರುಗಿತು. ಆ ಮನೆಯೊಳಗೆ ಅವರು ಆಗಲೇ ಓಡಾಡುತ್ತಿದ್ದರು.

"ಇನ್ನೊಂದು," ಎಂದೆ. "ನಾಳೆಯಿಂದ ಬೆಳಗಿನ ಹಾಲು ನಾನೇ ಡೈರಿಗೆ ಹಾಕಿ ಅಲ್ಲಿಂದಲೇ ಬಸ್ಸು ಹಿಡೀತೀನಿ. ಸಾಯಂಕಾಲದ್ದು ನಾನು ಬಂದ ಮೇಲೆ ಮಾವ ಹೋಗಲಿ. ಹೊಂಡಕ್ಕೆ ಕಬ್ಬಿಣದ ಜಾಲರಿ ಮೊದಲು ಆಗಬೇಕು, ಪಾಯ ಆಮೇಲೆ."

"ಕಾಲೇಜು ಓದಿದೋಳು ಹಾಲಿನ ಕ್ಯಾನ್ ಹೊರ್ತಾಳಂತೆ," ಎಂದು ಪ್ರಭು ನಕ್ಕರು. "ಅದ್ಯಾಕೆ, ಅಪ್ಪನ ಕಾಲು ಬಿದ್ದೋಗಿದಾವಾ?"

"ಹೊರ್ಲಿ ಬುಡಲಾ," ಎಂದರು ಮಾವ. "ನಿನಗೇನ್ ಕಷ್ಟ?" ನನ್ನ ಕಡೆ ನೋಡಿದರು; ನಾನೂ ನೋಡಿದೆ. ನನಗೆ ತಿಳಿದಿದೆ ಎಂಬುದು ಅವರಿಗೆ ಗೊತ್ತಾಗಿತ್ತು ಎಂದು ನನ್ನ ಅನಿಸಿಕೆ. ಎಷ್ಟು ಗೊತ್ತಾಯಿತು, ನನಗೆ ತಿಳಿಯದು. ಅವರು ಎದ್ದು ಹೊರಗೆ ಹೋಗಿ ಬೇಲಿಯ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತರು.

ನಾನು ರಬ್ಬರು ತೆಗೆದುಕೊಂಡು ಹದಿನೆಂಟು ಅಡಿಯ ನೆತ್ತಿಯನ್ನು ಅಳಿಸಿದೆ. ಬೆಟ್ಟ ಪೂರ್ತಿ ಕಾಣುತ್ತಿದ್ದ ಎತ್ತರದ ಕಿಟಕಿ ಅರ್ಧಕ್ಕೆ ಇಳಿಯಿತು. ಕಾಗದ ಅಲ್ಲಿ ಸವೆದು ತೆಳ್ಳಗಾಯಿತು.

ಆಮೇಲೆ ಪ್ರಭು ತೋಟಕ್ಕೆ ಕರೆದುಕೊಂಡು ಹೋದರು, ಮಾತಾಡಲು ನಾವು ಹೋಗುತ್ತಿದ್ದ ಜಾಗಕ್ಕೆ. "ಈಗ ನಿಜ ಹೇಳು," ಎಂದರು. "ಇವತ್ತು ಏನಾಯ್ತು? ಮುಖ ಬೆಳಗಿನಿಂದ ಹಂಗೇ ಐತೆ ಅಂತ ಅಪ್ಪ ಹೇಳಿದ್ರು. ಕೈ ನೋಡು ಹೆಂಗೆ ಗೀರ್ಕೊಂಡಿದೀಯ."

ಅವರಿಗೆ ತಿಳಿಯಬೇಕಾದದ್ದು ಅದು, ಅವರ ತಾಯಿಯಲ್ಲವೇ. ಹೇಳಿದರೆ ಅವರು ಅಳುತ್ತಾರೆ, ಕೂಗಾಡುತ್ತಾರೆ, ರಾತ್ರಿಯೇ ಅತ್ತೆಯನ್ನು ಕೂರಿಸಿ ಬೆರಳು ತೋರಿಸಿ ಎಷ್ಟು ಎಂದು ಕೇಳುತ್ತಾರೆ. ಆಮೇಲೆ ಮಗು ಕೊರಟಗೆರೆಯಲ್ಲಿ. ಅತ್ತೆ ಮೂಲೆಯ ಮಂಚದಲ್ಲಿ. ಹೇಳದಿದ್ದರೆ ದಿನವೂ ಬಸ್ಸಿನಲ್ಲಿ ಕೂತು, ಗೆಜ್ಜೆಯ ತಿರುಪು ಬಿಗಿಯಾಗಿದೆಯೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುವವಳು ನಾನೊಬ್ಬಳೇ. ನನಗೆ ಅದು ಹೊಸದಲ್ಲ. ಇನ್ನೊಂದೂ ಇತ್ತು. ಹೇಳಲು ಹೊರಟರೆ, ನೋಡಲಾಗದವರು ಓಡಿದರು, ನೋಡುತ್ತಿದ್ದವಳು ನಿಂತಿದ್ದಳು ಎಂಬುದನ್ನೂ ಹೇಳಬೇಕಾಗುತ್ತದೆ.

ಒಳಗಿನಿಂದ ಗೆಜ್ಜೆಯ ಸದ್ದು ಬಂತು, ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ. ಅದರ ಹಿಂದೆ ಅತ್ತೆಯ ದನಿ: "ಡ್ರಮ್ ತಾವ ಹೋಗ್ಬ್ಯಾಡ ಕಣೇ."

ಸರಿಯಾಗಿ ಹೇಳಿದರು ಎಂದುಕೊಂಡೆ.

"ಏನೂ ಆಗಲಿಲ್ಲ," ಎಂದೆ ಪ್ರಭುವಿಗೆ. "ಬಸ್ಸು ತಪ್ಪಿತು, ಅಷ್ಟೇ."